ಚಾರ್ಜರಿನ ತಾಮ್ರ ಬೆಳಗಿದ ಕಥೆ

ದಾಂಡೇಲಿಯ ಕಟ್ಟಿಗೆ ಮಿಲ್ಲಿನಲ್ಲಿ ನಾನು ಕರೆಂಟಿನ ಫಿಟರ್. ಹೀಗಾಗಿ ನನ್ನ ಭಾವಮೈದುನ ಮುಂಬಯಿ ರೇಡಿಯೋದಲ್ಲಿ ಹಾಡುತ್ತಾನೆಂಬ ಸುದ್ದಿ ಬಂದಾಗ, ಅದನ್ನು ಬಂಧುಬಳಗಕ್ಕೆ ಕೇಳಿಸುವ ಮಹತ್ಕಾರ್ಯವನ್ನು ಮೈಮೇಲೆ ಹಾಕಿಕೊಂಡೆ. ಮಾಡೆಂದು ಯಾರೂ ಹೇಳಿರಲಿಲ್ಲ. ಮಗನ ದನಿಗಾಗಿ ಅತ್ತೆಯವರು ನಮ್ಮ ಜಿಲ್ಲೆಯದೇ ಇಂದೂರ ಹಳ್ಳಿಯಿಂದ, ಪೆಟ್ರೋಲಿಲ್ಲದ ಆ ಕಾಲದ ಇದ್ದಲಿಯಿಂದೋಡುವ ಬಸ್ಸಿನ ಹೊಗೆ ಕುಡಿಯುತ್ತ ಬಂದಿಳಿದರು.

ಮನೆಯಲ್ಲಿ ಕರೆಂಟಿಲ್ಲ, ರೇಡಿಯೋ ನಡೆಯುವುದು ಬ್ಯಾಟರಿಯ ಮೇಲೆ. ಅದು ಪೂರ್ತಿ ಇಳಿದಿತ್ತು. ಮಿಲ್ಲಿನ ಚಾರ್ಜರನ್ನು ತಪಾಸಣೆಗೆಂದು ಮನೆಗೇ ಹೊತ್ತು ತಂದೆ. ತಪಾಸಣೆಯ ಅಗತ್ಯವಿರಲಿಲ್ಲ. ಅತ್ತೆಯವರಿಗೆ ಅಳಿಯನ ಕಸುಬು ಕಾಣಬೇಕಿತ್ತು! ಬಿಚ್ಚಿದರೆ ಒಳಗೆ ಸಾಲಾಗಿ ತಾಮ್ರದ ಬಿಲ್ಲೆಗಳು, ಪ್ರತಿಯೊಂದರ ಒಂದು ಮೈ ಕರ್ರಗೆ.

"ಅಯ್ಯ, ತಾಮ್ರ ಇಷ್ಟ ಕರ್ರಗಾಗೈತಲ್ರೀ," ಎಂದಳು ಹೆಂಡತಿ.

"ಅಳಿಯಾರ, ನಿಮ್ಮ ಮಿಲ್ಲಿನಾಗ ಯಾರೂ ಬೆಳಗೂದಿಲ್ಲೇನ್ರಿ?" ಎಂದರು ಅತ್ತೆ.

ಮಿಲ್ಲಿನ ಮರ್ಯಾದೆಯ ಪ್ರಶ್ನೆ. ಹುಣಸೆಹಣ್ಣು, ಉಪ್ಪು, ಸಾಲದ್ದಕ್ಕೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಎರಡೂ ಮೈ ಥಳಥಳ ಹೊಳೆದವು. ಮರುದಿನ ಚಾರ್ಜರನ್ನು ಜೋಡಿಸಿ ಮಿಲ್ಲಿಗೊಯ್ದು, ಬ್ಯಾಟರಿಯನ್ನು ದಿನವಿಡೀ ಚಾರ್ಜಿಗೆ ಹಚ್ಚಿ, ಸಂಜೆ ಮನೆಗೆ ತಂದೆ.

ಓಣಿಯವರೆಲ್ಲ ಕೂತಿದ್ದರು. ಅತ್ತೆ ಹೊಸ ಸೀರೆಯುಟ್ಟು ರೇಡಿಯೋದ ಮುಂದೆ ಸಕ್ಕರೆ ಇಟ್ಟರು. ಗುಂಡಿ ತಿರುಗಿಸಿದೆ. ಗೊರಗೊರ ಸಪ್ಪಳವೂ ಇಲ್ಲ. ತಂತಿ ಬಿಗಿದೆ, ಊದಿದೆ, ಕೊನೆಗೆ ಗುದ್ದಿದೆ.

"ಹಾಡಾಕತ್ತಾನೇನ್ರಿ?" ಎಂದು ಅತ್ತೆ ಮೆಲ್ಲಗೆ ಕೇಳಿದರು. ಹಾಡು ನಮ್ಮ ಹಂಚಿನ ಮೇಲಿಂದಲೇ ದಾಟಿ ಹೋಗಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮರುದಿನ ಮಿಲ್ಲಿನ ಇಂಜಿನಿಯರ್ ಸಾಹೇಬರು ಬಿಲ್ಲೆಗಳನ್ನು ನೋಡಿ ತಲೆ ಹಿಡಿದುಕೊಂಡರು. "ಆ ಕರೇದು ಹೊಲಸಲ್ಲೋ ಮಾರಾಯಾ! ತಾಮ್ರಕ್ಕ ಆ ಕರಿ ಪದರ ಕೂಡೋ ಜಾಗಾನ ಬಾಗಲಾ ಇದ್ದಂಗ. ಕರೆಂಟನ್ನ ಒಂದ ಕಡೆ ಬಿಡತೈತಿ, ತಿರುಗಿ ಹೋಗಾಕ ಬಿಡೂದಿಲ್ಲ. ನೀ ಬಾಗಲಾನ ತಿಕ್ಕಿ ತಗದಿ. ಬಂದ ಕರೆಂಟು ಬಂದಂಗ ವಾಪಸ್ ಹೋತು, ಬ್ಯಾಟರಿ ಹೆಂಗ ತುಂಬಬೇಕು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮುಂದೆ ಭಾವಮೈದುನ ಊರಿಗೆ ಬಂದವನೇ ಕೇಳಿದ: "ಅವ್ವಾ, ಹೆಂಗ ಕೇಳಿಸ್ತು?"

ಅತ್ತೆ ನನ್ನತ್ತ ಒಮ್ಮೆ ನೋಡಿದರು. "ಭಾಳ ಚಲೋ ಕೇಳಿಸ್ತಪಾ," ಎಂದರು. ನನ್ನ ಮಾನ ಕಾಯಲು ಆ ತಾಯಿ ಸುಳ್ಳಾಡಿದ್ದು ಕಂಡು ನಾಚಿಕೆಯಿಂದ ಹಿಡಿಯಷ್ಟಾದೆ. ಅಷ್ಟಕ್ಕೇ ಸುಮ್ಮನಿದ್ದರೆ ಉಳಿಯುತ್ತಿದ್ದೆ.

"ಎರಡನೇ ಹಾಡಂತೂ ಏನ್ ಹೇಳಲಿಪಾ!" ಎಂದೆ.

ಅವನು ಹಾಡಿದ್ದು ಒಂದೇ.