ಹಿಡಿತ ಅಳೆದ ದಿನ

ಮೂರನೇ ಮಹಡಿಯ ಡ್ರೈವರಪ್ಪನ ಎದೆ ಆ ಬೆಳಗ್ಗೆ ಹಳೇ ಬಸ್ಸಿನ ಬಾನೆಟ್ಟಿನ ಹಾಗೆ ಅದುರುತ್ತಿತ್ತು. ಕಾರಣ, ಅಂಗೈಯಗಲದ ಒಂದು ಯಂತ್ರ. ಆರೋಗ್ಯ ಕೇಂದ್ರದ ನರ್ಸಮ್ಮ ಅದನ್ನು ಹಿಡಿದು ಮನೆಮನೆಗೂ ಬರುತ್ತಿದ್ದರು. ವಯಸ್ಸಾದವರೆಲ್ಲ ಅದರ ಹಿಡಿಕೆ ಅದುಮಬೇಕು. ಮುಳ್ಳು ಎಷ್ಟು ಏರಿತೋ ಅಷ್ಟು ಬಲ.

ಅಶಕ್ತ ಅನ್ನಿಸಿಕೊಳ್ಳುವ ಭಯವಲ್ಲ ಅವನದು. ಶಕ್ತನೆಂದು ಗೊತ್ತಾದರೆ ಗತಿಯೇನು ಎಂಬ ಭಯ. ಘಟ್ಟದ ತಿರುವಿನಲ್ಲಿ ಬಸ್ಸನ್ನು ಕಿವಿ ಹಿಡಿದು ತಿರುಗಿಸಿದ ಕೈ ಅದು. ನಿವೃತ್ತನಾದ ವಾರವೇ ಲಿಫ್ಟ್ ಕೆಟ್ಟು, ಹೆಂಡತಿ ನೀರಿನ ಕ್ಯಾನು ತೋರಿಸಿದಾಗ, "ಕೈಯಲ್ಲಿ ಕಸುವೇ ಇಲ್ಲ ಕಣೇ" ಎಂದು ಕುರ್ಚಿಗೆ ಒರಗಿದ. ವರ್ಷಗಳು ಉರುಳಿದರೂ ಲಿಫ್ಟೂ ಏಳಲಿಲ್ಲ, ಇವನೂ ಏಳಲಿಲ್ಲ. ಇವನು ಲೋಟ ಎತ್ತುವ ಸಂಕಟ ನೋಡಿ ಎದುರುಮನೆ ಬೆಕ್ಕೂ ನಿಟ್ಟುಸಿರು ಬಿಡುತ್ತಿತ್ತು. ಕ್ಯಾನು ಹೊತ್ತೂ ಹೊತ್ತೂ ಹೆಂಡತಿಯ ತೋಳು ಮಾತ್ರ ಗರಡಿಯಾಳಿನ ತೋಳಾಗಿತ್ತು. ಸುಳ್ಳು ಬಯಲಾದರೆ ಆ ತೋಳು ಯಾರ ಬೆನ್ನಿಗೆ ಬೀಳುತ್ತದೆಂದು ಬೇರೆ ಹೇಳಬೇಕೆ?

ಮೆಲ್ಲಗೆ ಅದುಮಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಕೆಳಮನೆಯ ಡ್ರಿಲ್ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಬಂದರು.

"ಏನಯ್ಯಾ, ಮುಳ್ಳು ಮೇಲೇಳದಿದ್ರೆ ಏನ್ಮಾಡ್ತಾರೆ ಗೊತ್ತಾ? ತೊಡೆಗೆ ಸೂಜಿ ಇಳಿಸಿ ಮಾಂಸ ಕಿತ್ತು ನೋಡ್ತಾರೆ. ಸೈಕಲ್ ಪಂಪಿನಷ್ಟುದ್ದದ ಸೂಜಿ."

"ನೀವು ನೋಡಿದ್ರಾ ಮೇಷ್ಟ್ರೇ?"

"ಚುಚ್ಚಿಸ್ಕೊಂಡೋನು ವಾಪಸ್ ನಡ್ಕೊಂಡು ಬಂದಿದ್ರೆ ಅವನನ್ನೇ ಕೇಳಬಹುದಿತ್ತು."

ಅತ್ತ ದರಿ, ಇತ್ತ ಪುಲಿ. ಡ್ರೈವರಪ್ಪನ ಬೆವರು ನೆಲ ಒರೆಸುವಷ್ಟು ಹರಿಯಿತು.

ನರ್ಸಮ್ಮ ಬಂದರು. "ತಾತಾ, ಪೂರ್ತಿ ಜೋರು ಹಾಕಿ ಅದುಮಿ."

"ಚಮಚ ಎತ್ತೋದೇ ಕಷ್ಟ ಅವರಿಗೆ," ಎಂದಳು ಹೆಂಡತಿ.

ಡ್ರೈವರಪ್ಪ ಹೆಂಡತಿಯ ತೋಳು ನೋಡಿದ, ನರ್ಸಮ್ಮನ ಉಬ್ಬಿದ ಚೀಲ ನೋಡಿದ. ಹೆಂಡತಿ ಹೊಡೆದರೂ ಮಾಂಸ ಕೀಳುವವಳಲ್ಲ. ಕಣ್ಣು ಮುಚ್ಚಿ ಅದುಮಿದ. ಕಟ್ಟಡದ ಕಿಟಕಿಗಳೆಲ್ಲ ಗಡಗಡ ಅಂದವು ಎಂದೇ ಅವನಿಗನ್ನಿಸಿತು. ಕಣ್ಣು ಬಿಟ್ಟರೆ ಮುಳ್ಳು ಮುನಿಸಿಕೊಂಡ ಅಳಿಯನಂತೆ ಕೂತಲ್ಲೇ ಕೂತಿದೆ.

"ಯಂತ್ರ ಕೆಟ್ಟಿದೆ," ಎಂದ.

ನರ್ಸಮ್ಮ ಅದನ್ನು ಹೆಂಡತಿಯ ಕೈಗಿತ್ತರು. ಮುಳ್ಳು ಹೆದರಿ ಕೊನೆಯ ಅಂಕಿಗೆ ಓಡಿ ನಿಂತಿತು.

"ಸರಿ ತಾತಾ, ಕೈಕಟ್ಟಿ ಕುರ್ಚಿಯಿಂದ ಎದ್ದು ಕೂತು ಮಾಡಿ. ನಾನು ನಿಲ್ಲಿಸಿ ಅನ್ನೋವರೆಗೂ."

ಒಮ್ಮೆ ಎದ್ದ. ಎರಡನೇ ಸಲ ಮಂಡಿಗಳು ಒಂದಕ್ಕೊಂದು ಕ್ಷಮೆ ಕೇಳಿದವು. ಮತ್ತೆ ಏಳಲು ನೋಡಿದರೆ ಕಾಲೇ ಇಲ್ಲದ ಹಾಗಿದೆ. ನಟನೆಯಲ್ಲ ಇದು. ಡ್ರೈವರಪ್ಪನ ಕಣ್ಣು ಮತ್ತೆ ನರ್ಸಮ್ಮನ ಚೀಲದ ಮೇಲೆ ಹೋಯಿತು.

"ನರ್ಸಮ್ಮಾ, ಸೂಜಿ ಬೇಡ. ನಂಗೇನೂ ಆಗಿಲ್ಲ. ಇಷ್ಟು ವರ್ಷ ನಾಟಕ ಆಡಿದೆ. ನೀರು ಹೊರೋಕೆ ಸೋಮಾರಿತನ, ಅಷ್ಟೆ."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೋಡಿ, ನಾನು ಗಾಬರಿ ಆಗಬಾರದು ಅಂತ ಹೇಗೆ ಸುಳ್ಳು ಹೇಳ್ತಾರೆ. ದೇವರಂಥ ಮನುಷ್ಯ."

"ಯಾವ ಸೂಜಿನೂ ಇಲ್ಲ ತಾತಾ," ಎಂದರು ನರ್ಸಮ್ಮ. "ಕೂತೂ ಕೂತೂ ಸ್ನಾಯು ಕರಗಿದೆ. ದಿನಾ ಕಸರತ್ತು ಮಾಡಿದ್ರೆ ಬರುತ್ತೆ. ಬಿಡದೆ ಮಾಡಿಸೋಕೆ ಒಬ್ರು ಗಟ್ಟಿ ಆಳು ಬೇಕು."

ಡ್ರಿಲ್ ಮೇಷ್ಟ್ರು ಎದೆಯುಬ್ಬಿಸಿದರು. ಅಷ್ಟರಲ್ಲಿ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದ್ದಳು.

"ನಾನಿರೋವಾಗ ನಿಮಗ್ಯಾಕೆ ಚಿಂತೆ? ಬನ್ನಿ, ಮೊದಲು ಮೆಟ್ಟಿಲಿಂದ ಶುರು ಮಾಡೋಣ."