ಬೊಬ್ರುವಾಡದ ಬಾಗಿಲು, ಕಾರವಾರದ ಬೆರಳು

ಎಲ್ಲಕ್ಕೂ ಕಾರಣ ಮಾಸ್ತಮ್ಮ ಪಕ್ಕದೂರು ಕೇಣಿಗೆ ಮದುವೆಗೆ ಹೋದದ್ದು.

ಬೊಬ್ರುವಾಡದಲ್ಲಿ ರಾಮನಾಥನ ಮನೆಯ ಕೀಲಿಕೈ ಹತ್ತು ವರ್ಷದಿಂದ ಪಕ್ಕದ ಮನೆ ಮಾಸ್ತಮ್ಮನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ರಾಮನಾಥ ಕಾರವಾರದ ಕಚೇರಿಗೆ, ಅವನ ಹೆಂಡತಿ ನಿಶಾ ಬೇಲೆಕೇರಿಯ ಶಾಲೆಗೆ ಹೊರಟ ಮೇಲೆ ಆ ಮನೆಯ ಯಜಮಾನಿಕೆ ಮಾಸ್ತಮ್ಮನದೇ. ಮೀನು ಬಂದರೆ ಒಳಗಿಡುವವಳು ಅವಳು, ಸಿಲಿಂಡರ್ ಬಂದರೆ ಇಳಿಸಿಕೊಳ್ಳುವವಳು ಅವಳು. ಅವರ ಫ್ರಿಜ್ಜಿನ ಮೇಲಿನ ಅಂತಸ್ತು ಪೂರ್ತಿ ಅವಳದು. ಮದುವೆಯ ದಿನ ಅವಳು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದಳು. ಗಂಡ ಹೆಂಡತಿ ತಮ್ಮದೇ ಜಗಲಿಯ ಮೇಲೆ ನೆಂಟರ ಹಾಗೆ ಕೂತು ಸಂಜೆಯೆಲ್ಲ ಸೊಳ್ಳೆ ಹೊಡೆದರು.

ಮರುವಾರವೇ ರಾಮನಾಥ ಹೊಸ ಬೀಗ ಹಾಕಿಸಿದ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲೇ ಇದ್ದರೂ ಮನೆ ಬಾಗಿಲು ತೆರೆಯುತ್ತದೆ. ಮತ್ತೊಮ್ಮೆ ಒತ್ತಿದರೆ ಬೀಗ ಬೀಳುತ್ತದೆ. ಪಾಠದ ಹೊತ್ತಿನಲ್ಲಿ ನಿಶಾ ಮೊಬೈಲ್ ಮುಟ್ಟುವಂತಿಲ್ಲವಾದ್ದರಿಂದ ಗುಂಡಿ ರಾಮನಾಥನ ಪಾಲಿಗೆ ಬಂತು.

ಮೊಳೆ ಖಾಲಿಯಾದದ್ದು ಮಾಸ್ತಮ್ಮನಿಗೆ ತಡೆಯಲಾಗಲಿಲ್ಲ. “ಹತ್ತು ವರ್ಷ ಒಂದು ಚಮಚ ಹೋಗಿತ್ತಾ ನಿಮ್ಮನೇದು? ಈಗ ನಾ ಕಳ್ಳಿ ಆದೆ” ಎಂದು ಎರಡು ದಿನ ಮಾತು ಬಿಟ್ಟಳು.

ನಿಶಾ ಗಂಡನಿಗೆ ಕಟ್ಟಪ್ಪಣೆ ಮಾಡಿದಳು. “ಮಾಸ್ತಮ್ಮಕ್ಕ ಫೋನ್ ಮಾಡಿದ್ರೆ ಯಾಕೆ, ಎಂತಕ್ಕೆ ಕೇಳೂಕಿಲ್ಲ. ಸುಮ್ನೆ ಬಾಗ್ಲು ತೆಗೀರಿ. ಫೋನ್ ಬಂದ್ ಮಾಡಿಟ್ರೆ ಮಾತ್ರ ನೋಡಿ.”

“ಆಫೀಸಲ್ಲಿ ಮೇಡಂ ಇರ್ತಾರೆ ಮಾರಾಯ್ತಿ.”

“ಮೇಡಂ ನಿಮ್ಮನೆ ಮೀನು ಕಾಯ್ತಾರಾ?”

ಆ ಶುಕ್ರವಾರ ರಾಮನಾಥನಿಗೆ ಬೇರೆಯೇ ಚಿಂತೆ. ಕಚೇರಿಯಿಂದ ಒಬ್ಬರನ್ನು ಘಟ್ಟದ ಮೇಲೆ, ಜೋಯಿಡಾ ಕಡೆಯ ಉಪಕಚೇರಿಗೆ ವರ್ಗ ಮಾಡಬೇಕಿತ್ತು. ಒಂದೋ ಅವನು, ಇಲ್ಲ ಎದುರು ಟೇಬಲ್ಲಿನ ನಿತೇಶ. ಸಂಜೆಯೊಳಗೆ ಜಯಶ್ರೀ ಮೇಡಂ ಹೆಸರು ಬರೆಯುವವರಿದ್ದರು. ನಿತೇಶ ಬೆಳಿಗ್ಗೆಯೇ ಮೇಡಂಗೆ ಎಳನೀರು ತಂದುಕೊಟ್ಟಿದ್ದ. ರಾಮನಾಥನಿಗೆ ಉಳಿದದ್ದು ಒಂದೇ ದಾರಿ: ಅವರ ಕಣ್ಣಿಗೂ ಕಿವಿಗೂ ಬೀಳದಿರುವುದು. ಕಚೇರಿಯಲ್ಲಿ ಫೋನ್ ಸದ್ದು ಕೇಳಿದರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತೂವರೆಗೆ ಕಬ್ಬಿಣದ ಟೇಬಲ್ ಗಡಗಡ ನಡುಗಿತು. ಸದ್ದು ಕಡಿಮೆ ಮಾಡಿಟ್ಟಿದ್ದ ಫೋನು ಸಾಣೆಯಂತ್ರದ ಹಾಗೆ ಅದುರುತ್ತಿತ್ತು.

“ತಮಾ, ಬಂಗಡೆ ಬಂದದೆ. ಬಾಗ್ಲು ತೆಗಿ.”

ರಾಮನಾಥ ಮೇಜಿನಡಿ ಬಗ್ಗಿ ಗುಂಡಿ ಒತ್ತಿದ. ಹಸಿರು ದೀಪ ಬಂತು. ಹತ್ತು ನಿಮಿಷ ಬಿಟ್ಟು, ಮಾಸ್ತಮ್ಮ ಹೋಗಿರಬಹುದೆಂದು ಬೀಗ ಹಾಕಲು ಮತ್ತೆ ಒತ್ತಿದ. ಕೆಂಪು ಬಂತು. ಆಗ ಅವನಿಗೊಂದು ಸಂಶಯ ಹುಟ್ಟಿತು. ಹಸಿರು ಅಂದರೆ ತೆರೆದದ್ದೋ, ಮುಚ್ಚಿದ್ದೋ?

“ಹಸಿರು ಅಂದ್ರೆ ತೆರೆದದ್ದು. ರಸ್ತೆ ಸಿಗ್ನಲ್ ನೋಡಿಲ್ವನಾ?” ಎಂದ ನಿತೇಶ.

ಜವಾನ ಅಶೋಕ ಒಪ್ಪಲಿಲ್ಲ. “ಹೆಂಗಾಗ್ತದೆ? ಕೆಂಪು ಅಂದ್ರೆ ಅಪಾಯ. ಬಾಗ್ಲು ತೆರೆದಿದ್ರೆ ತಾನೇ ಅಪಾಯ? ಹಸಿರು ಅಂದ್ರೆ ಭದ್ರ ಅದೆ ಅಂತ.”

ಎರಡೂ ಸರಿಯೆನಿಸಿತು. ರಾಮನಾಥ ಒತ್ತಿದ: ಹಸಿರು. ಮತ್ತೆ ಒತ್ತಿದ: ಕೆಂಪು. ಬಲೆಯಲ್ಲಿ ಸಿಕ್ಕ ಏಡಿಯ ಹಾಗೆ ಅವನ ಬೆರಳು ಅತ್ತ ಹೋಗಿ ಇತ್ತ ಬಂತು. ಹಿಂದೆಯೇ ಟೇಬಲ್ ನಡುಗಿತು.

“ತಮಾ! ಎಂತ ಆಟನಾ ಇದು? ನಾ ಒಳಗೇ ಇದ್ದೆ! ಬಾಗ್ಲು ಟಿಕ್ ಅಂತದೆ, ಟಕ್ ಅಂತದೆ, ಹೊರಗೆ ಬರೂಕೆ ಬಿಡೂದಿಲ್ಲ!”

“ಒಳಗೆ ಹಿಡಿಕೆ ಅದ್ಯಲ್ಲ ಅಕ್ಕಾ, ಅದನ್ನ ತಿರುಗಿಸಿ.”

“ತಿರುಗಿಸ್ದೆ. ನಾ ತೆಗೆದ್ರೆ ನೀ ಹಾಕ್ತೆ!”

“ಹಂಗಾದ್ರೆ ನಾ ಮುಟ್ಟೂದಿಲ್ಲ. ಈಗ ತಿರುಗಿಸಿ.”

“ತಿರುಗಿಸೂದಿಲ್ಲ. ನಿನ್ನ ಬೀಗ, ನೀನೇ ತೆಗಿ.”

ಅವನು ಒತ್ತಿದ. ಅದೇ ಗಳಿಗೆಗೆ ಮನಸ್ಸು ಬದಲಿಸಿ ಅವಳೂ ಹಿಡಿಕೆ ತಿರುಗಿಸಿದಳು. ತೆರೆದದ್ದು ಮತ್ತೆ ಮುಚ್ಚಿತು. ಹೀಗೆ ಮೂರು ಸಲ ಆಯಿತು. ಬೊಬ್ರುವಾಡದ ಬಾಗಿಲಿಗೆ ತಾನು ಯಾರ ಮಾತು ಕೇಳಬೇಕೆಂದು ತಿಳಿಯಲಿಲ್ಲ. ಕಾರವಾರದಲ್ಲಿ ರಾಮನಾಥನಿಗೂ ತಿಳಿಯಲಿಲ್ಲ. ಕೊನೆಗೆ ಹೇಗೋ ಮಾಸ್ತಮ್ಮ ಹೊರಗೆ ಬಿದ್ದಳು. ಅವಳ ಹಿಂದೆ ಬಾಗಿಲು ಹಾಕಿಕೊಂಡಿತು. ಅವಳ ಕಾಲಡಿಯಿಂದ ಬೆಕ್ಕು ಒಳಗೆ ನುಗ್ಗಿದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಹನ್ನೆರಡಕ್ಕೆ ಸಭೆ. ಜಯಶ್ರೀ ಮೇಡಂ ಮಾತಾಡುತ್ತಿದ್ದರು. ರಾಮನಾಥನ ಜೇಬು ಅದುರಿತು. ಅವನು ಜೇಬಿನೊಳಗೇ ತಡಕಾಡಿದ. ಯಾವ ಗುಂಡಿ ಒತ್ತಿದನೋ, ಮಾಸ್ತಮ್ಮನ ದನಿ ಸಭೆಗೆಲ್ಲ ಕೇಳಿಸಿತು.

“ಬಾಗ್ಲು ತೆಗಿಯಾ! ಬೆಕ್ಕು ಬಂಗಡೆ ತಿಂತದೆ! ಕಿಟಕಿಲಿ ನಂಗೆ ಕಾಣ್ತದೆ, ತಲೆಯಿಂದ ಶುರು ಮಾಡ್ತು!”

ನಿತೇಶ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮೇಡಂ ಕನ್ನಡಕ ಕೆಳಗಿಟ್ಟರು.

“ರಾಮನಾಥ, ಫೋನು ಇಲ್ಲಿ ಕೊಡಿ. ಸಂಜೆ ಐದಕ್ಕೆ ಬಂದು ತಗೊಳ್ಳಿ. ಇನ್ನೊಂದು ಮಾತನ್ನೂ ಆಗಲೇ ಹೇಳ್ತೇನೆ.”

ಇನ್ನೊಂದು ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅಶೋಕ ಊಟದ ಹೊತ್ತಿಗೆ ತನ್ನ ಉಪ್ಪಿನಕಾಯಿ ಡಬ್ಬಿಯನ್ನು ಅವನ ಕಡೆ ಸರಿಸಿ, “ಜೋಯಿಡಾದಲ್ಲಿ ಚಳಿ ಜಾಸ್ತಿ ಸರ್, ಕಂಬಳಿ ಬೇಕಾಗ್ತದೆ” ಎಂದ.

ಊಟವಾದ ಮೇಲೆ ರಾಮನಾಥ ಗಾಜಿನ ಆಚೆ ನೋಡಿದ. ಮೇಡಂ ಟೇಬಲ್ಲಿನ ಮೇಲೆ ಅವನ ಫೋನು ಅದುರಿ ಅದುರಿ ಅಂಚಿಗೆ ಬರುತ್ತಿತ್ತು. ಮೇಡಂ ಅದನ್ನು ಹಿಡಿದರು. ಕಿವಿಗಿಟ್ಟರು. ಅವರ ಹುಬ್ಬು ಮೇಲೇರಿತು. ಆಮೇಲೆ ಬೆರಳಿನಿಂದ ಏನನ್ನೋ ಒತ್ತಿದರು. ಮತ್ತೆ ಕಿವಿಗಿಟ್ಟರು. ಐದು ನಿಮಿಷ ಕಳೆಯಿತು, ಹತ್ತಾಯಿತು. ಮೇಡಂ ತಲೆಯಾಡಿಸುತ್ತಿದ್ದರು. ಒಮ್ಮೆ ನಕ್ಕ ಹಾಗೂ ಕಂಡಿತು. ಕಚೇರಿಯಲ್ಲಿ ಈ ನಗೆಯನ್ನು ಕಂಡವರೇ ಇರಲಿಲ್ಲ. ಹಾಗಾಗಿ ಅದು ನಗೆಯೇ ಎಂದು ಯಾರೂ ಖಾತ್ರಿ ಹೇಳಲಾರದೆ ಹೋದರು.

ಐದಕ್ಕೆ ರಾಮನಾಥ ಒಳಗೆ ಹೋಗಿ ಮೇಡಂ ಟೇಬಲ್ಲಿನ ಮುಂದೆ ನಿಂತ.

“ಕೂತ್ಕೊಳ್ಳಿ” ಎಂದರು ಮೇಡಂ. “ಬೆಳಿಗ್ಗೆ ನಿಮ್ಮ ಹೆಸರೇ ಬರೆದಿದ್ದೆ. ಈಗ ಹೊಡೆದುಹಾಕಿದ್ದೇನೆ. ನಿತೇಶ ಹೋಗ್ತಾರೆ.”

ರಾಮನಾಥ ಎದ್ದು ಕೈಮುಗಿದ.

“ನನಗಲ್ಲ, ನಿಮ್ಮ ಮಾಸ್ತಮ್ಮನಿಗೆ ಮುಗೀರಿ. ಎಷ್ಟು ಹೊಗಳಿದ್ರು ನಿಮ್ಮನ್ನ! ಎಷ್ಟು ಸಲ ಫೋನ್ ಮಾಡಿದ್ರೂ ಒಂದು ದಿನವೂ ಬೇಸರ ಮಾಡ್ಕೊಂಡಿಲ್ಲವಂತೆ. ನಾನು ವರ್ಗದ ಮಾತೆತ್ತಿದ್ದೇ ತಡ, ಇಂಥವರನ್ನ ಘಟ್ಟ ಹತ್ತಿಸಬೇಡಿ, ನಮ್ಮನೆ ಬಾಗ್ಲು ಯಾರು ತೆಗೀತಾರೆ ಅಂತ ಅತ್ತೇಬಿಟ್ರು.”

“ದೊಡ್ಡ ಉಪಕಾರ ಮೇಡಂ.”

“ಇರಿ. ಅದೇ ಬೀಗ ನಾನೂ ತರಿಸ್ತಾ ಇದ್ದೇನೆ. ಭಾನುವಾರ ಬಂದು ಹಾಕಿಸಿಕೊಡಿ. ನನಗೆ ದಿನವಿಡೀ ಮೀಟಿಂಗು, ಫೋನು ಹಿಡ್ಕೊಂಡು ಕೂರೋಕಾಗಲ್ಲ. ಗುಂಡಿ ನಿಮ್ಮ ಮೊಬೈಲಿನಲ್ಲೇ ಇರಲಿ. ಹೆಚ್ಚೇನಿಲ್ಲ. ಬೆಳಿಗ್ಗೆ ಐದೂವರೆಗೆ ನಮ್ಮ ಅತ್ತೆ ವಾಕಿಂಗ್ ಹೋಗ್ತಾರೆ, ಆರೂಕಾಲಿಗೆ ಬರ್ತಾರೆ. ಒಂಬತ್ತಕ್ಕೆ ಕೆಲಸದವಳು. ಮಧ್ಯಾಹ್ನ ಅತ್ತೆ ಮೂರ್ನಾಲ್ಕು ಸಲ ಹೊರಗೆ ಹಣಕಿ ನೋಡ್ತಾರೆ. ಅವರಿಗೆ ಸ್ವಲ್ಪ ಮರೆವು, ತೆಗೆದದ್ದೋ ಮುಚ್ಚಿದ್ದೋ ನೀವೇ ನೆನಪಿಟ್ಕೊಳ್ಳಿ.”

ರಾಮನಾಥ ಫೋನು ಹಿಡಿದು ಹೊರಗೆ ಬಂದ. ಸುದ್ದಿ ಆಗಲೇ ಮುಟ್ಟಿತ್ತು. ನಿತೇಶ ತಲೆ ಮೇಲೆ ಕೈಹೊತ್ತು ಕೂತಿದ್ದ.

“ನನ್ನ ಗತಿ ನೋಡು ಮಾರಾಯ” ಎಂದ ನಿತೇಶ. “ನಂಗೆ ಸಿಕ್ಕ ಜಾಗದಲ್ಲಿ ಫೋನಿಗೆ ಸಿಗ್ನಲ್ಲೇ ಇಲ್ಲವಂತೆ. ಎಷ್ಟೇ ಬಡಕೊಂಡ್ರೂ ಯಾರ ಕರೆಯೂ ಬರೂದಿಲ್ಲವಂತೆ.”

ರಾಮನಾಥ ಮೆಲ್ಲಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಅವನ ಹೆಗಲ ಮೇಲೆ ಕೈಯಿಟ್ಟ.

“ನಿತೇಶ, ನಾಳೆ ಮೇಡಂಗೆ ನಾನೂ ಎಳನೀರು ತಂದ್ರೆ, ನನ್ನನ್ನ ಅಲ್ಲಿಗೆ ಕಳಿಸ್ತಾರನಾ?”