ಮಹಾಂತೇಶ ಆರಿಸಿದ ಕ್ಲಚ್ಚು

ಕಾರಿನ ಆರ್.ಸಿ. ಪುಸ್ತಕದಲ್ಲಿ ಮಾಲೀಕನ ಹೆಸರು ಮಹಾಂತೇಶ ಎಂದೇ ಇತ್ತು. ಆದರೆ ವಾರದಲ್ಲಿ ಆರು ದಿನ ಆ ಕಾರು ಅವನ ಹೆಂಡತಿ ದಾನೇಶ್ವರಿಯ ಜೊತೆ ದಬ್ಬೇಘಟ್ಟದ ಹೈಸ್ಕೂಲಿಗೆ ಹೋಗಿ ಬರುತ್ತಿತ್ತು. ಅವಳು ಅಲ್ಲಿ ವಿಜ್ಞಾನದ ಟೀಚರು. ಮಹಾಂತೇಶನದು ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರು ಮಾರುವ, ಸುಟ್ಟುಹೋದರೆ ವೈಂಡಿಂಗ್ ಮಾಡಿಕೊಡುವ ಅಂಗಡಿ. ಮನೆಯಿಂದ ಎಂಟು ನಿಮಿಷದ ನಡಿಗೆ. ಎಂಟು ನಿಮಿಷ ನಡೆಯುವವನಿಗೆ ಕಾರು ಬೇಕೇ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಯಾರಿಗೂ ಕಾಣದಿದ್ದದ್ದು ಅವನ ನೋವು. ಭಾನುವಾರ ಒಂದು ದಿನ ಮಾತ್ರ ಸ್ಟೇರಿಂಗು ಅವನ ಕೈಗೆ ಬರುತ್ತಿತ್ತು. ಅವತ್ತು ಅವನು ಬೆಳಿಗ್ಗೆಯೇ ಗಡ್ಡ ಕೆರೆದು, ಇಸ್ತ್ರಿಯ ಅಂಗಿ ತೊಟ್ಟು, ಪಟ್ಟಾಭಿಷೇಕಕ್ಕೆ ಹೊರಟವನ ಗಾಂಭೀರ್ಯದಿಂದ ಕಾರಿನ ಬಾಗಿಲು ತೆಗೆಯುತ್ತಿದ್ದ.

ಅಂಥ ಒಂದು ಭಾನುವಾರ ಮಾವನ ಮನೆಗೆಂದು ಎಲ್ಲರೂ ಶೆಟ್ಟಿಕೆರೆಗೆ ಹೊರಟಿದ್ದರು. ದಾರಿಯಲ್ಲಿ ದಾನೇಶ್ವರಿಯ ತಮ್ಮ ದಯಾನಂದ್ ತನ್ನ ಹೊಸ ಕಾರಿನಲ್ಲಿ ಹಿಂದಿನಿಂದ ಬಂದು, ಒಂದು ಹಾರ್ನ್ ಕೂಡ ಹೊಡೆಯದೆ, ಕಿಟಕಿಯಿಂದ ಕೈ ಬೀಸಿ ಮುಂದೆ ಹೋಗಿಬಿಟ್ಟ. ಮಹಾಂತೇಶ ಆಕ್ಸಿಲರೇಟರನ್ನು ತಳ ಮುಟ್ಟುವವರೆಗೆ ಒತ್ತಿದ. ಕಾರು ಕೆಮ್ಮಿತು, ವೇಗ ಮಾತ್ರ ಹೆಚ್ಚಲಿಲ್ಲ.

ಮುಂದಿನ ಸೀಟಿನಲ್ಲಿದ್ದ ಅವನ ತಾಯಿ ಗುರುಶಾಂತಮ್ಮ, "ದಯಾನಂದ ಚೆನ್ನಾಗ್ ಓಡಿಸ್ತಾನೆ ಕಣಪ್ಪ" ಎಂದರು.

ಅದೊಂದು ಮಾತು ಸಾಕಾಯಿತು. ಹೆತ್ತ ತಾಯಿ, ಸೊಸೆಯ ತಮ್ಮನಿಗೆ, ಮಗನ ಕಾರಿನಲ್ಲೇ ಕೂತು ಕೊಟ್ಟ ಪ್ರಶಸ್ತಿಪತ್ರ ಅದು. ಮಹಾಂತೇಶ ಮುಂದಿನ ತಿಂಗಳು ತಾಯಿಯ ಕಣ್ಣು ತೋರಿಸಲು ತುಮಕೂರಿಗೆ ಹೋದಾಗ ಕಾರನ್ನು ಒಂದು ಅಂಗಡಿಗೆ ಬಿಟ್ಟ. ಅಲ್ಲಿಯವರು ಸ್ಪ್ಯಾನರ್ ಮುಟ್ಟಲಿಲ್ಲ, ಬಾನೆಟ್ ತೆಗೆಯಲಿಲ್ಲ. ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಲ್ಯಾಪ್‌ಟಾಪ್ ನೋಡಿಕೊಂಡು ಒಂದು ಗಂಟೆ ಕೂತರು. ಟ್ಯೂನಿಂಗ್ ಮುಗಿಯಿತು ಎಂದರು. ಬರುವಾಗ ಹೆದ್ದಾರಿಯಲ್ಲಿ ಕಾರು ಬೇರೆಯದೇ ಪ್ರಾಣಿಯಂತೆ ನುಗ್ಗಿತು.

"ಏನ್ಲಾ ಮಾಡಿದ್ರು ಇದಕ್ಕೆ?" ಎಂದು ಗುರುಶಾಂತಮ್ಮ ಕೇಳಿದರು.

"ಇಂಜಿನ್‌ಗೆ ಶಕ್ತಿ ಜಾಸ್ತಿ ಮಾಡವ್ರೆ ಕಣಮ್ಮ. ದಾನೇಶ್ವರಿಗೆ ಹೇಳ್ಬೇಡ. ಸರ್ವೀಸ್ ಮಾಡಿಸ್ದೆ ಅಂತೀನಿ."

"ಒಂದ್ ತಿರುಪೂ ಬಿಚ್ಚಲಿಲ್ವಲ್ಲೋ. ಬರೀ ಧೈರ್ಯ ಹೇಳಿ ಕಳ್ಸವ್ರೇನೋ" ಎಂದರು ಅವರು. ಆದರೂ ಮಗನ ಗುಟ್ಟು ಕಾಪಾಡಿದರು.

ಇಂಜಿನ್ನಿಗೆ ಧೈರ್ಯ ಬಂದಿತ್ತು, ನಿಜ. ಆ ಧೈರ್ಯವನ್ನು ಚಕ್ರಕ್ಕೆ ಮುಟ್ಟಿಸಬೇಕಾದ ಕ್ಲಚ್ಚಿಗೆ ಯಾರೂ ಏನೂ ಹೇಳಿರಲಿಲ್ಲ. ನಾಲ್ಕು ತಿಂಗಳು ಅದು ಹಲ್ಲು ಕಚ್ಚಿ ದುಡಿಯಿತು. ಕೊನೆಗೆ ಕೈಕೊಟ್ಟದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ.

ಅವತ್ತು ದಾನೇಶ್ವರಿ, ಅವಳ ಸಹೋದ್ಯೋಗಿ ಶಿಲ್ಪ, ಇನ್ನಿಬ್ಬರು ಟೀಚರುಗಳು ಕಾರಿನಲ್ಲಿದ್ದರು. ನಾಲ್ವರಿಗೂ ಕೊಠಡಿ ಮೇಲ್ವಿಚಾರಣೆಯ ಕೆಲಸ. ದಬ್ಬೇಘಟ್ಟಕ್ಕೆ ಮುಂಚೆ ನಾಲೆಯ ಸೇತುವೆಗೆ ಹತ್ತುವ ಒಂದು ಏರಿದೆ. ಅಲ್ಲಿ ಇಂಜಿನ್ನು ಭೋರ್ಗರೆಯತೊಡಗಿತು, ಕಾರು ಮಾತ್ರ ಹಿಂದಕ್ಕೆ ಸರಿಯಿತು. ಹಿಂದೆ ಟ್ರ್ಯಾಲಿ, ಪಕ್ಕದಲ್ಲಿ ನಾಲೆ. ದಾನೇಶ್ವರಿ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದಳು. ಸುಟ್ಟ ವಾಸನೆ ಕಾರಿನ ತುಂಬ ಹಬ್ಬಿತು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ತಡವಾಗಿ ಹೋಗದ ಟೀಚರಮ್ಮ, ಅವತ್ತು ಹಾಲಿನ ವ್ಯಾನಿನಲ್ಲಿ, ಕ್ಯಾನಿನ ಮೇಲೆ ಕೂತು, ಬೆಲ್ ಹೊಡೆದ ಮೇಲೆ ಪರೀಕ್ಷಾ ಕೇಂದ್ರ ತಲುಪಿದಳು.

ಸಂಜೆ ಗಂಡ ಹೆಂಡತಿ ಇಬ್ಬರೂ ರೇವಣಸಿದ್ದಯ್ಯನ ಗ್ಯಾರೇಜಿನಲ್ಲಿ ನಿಂತಿದ್ದರು. ಮೂವತ್ತು ವರ್ಷದಿಂದ ತಿಪಟೂರಿನ ಗಾಡಿಗಳ ಹೊಟ್ಟೆ ಬಗೆದ ಮನುಷ್ಯ ಅವನು. ಎರಡು ಅಂಗೈಗಳನ್ನು ಜೋಡಿಸಿ ತೋರಿಸಿದ.

"ನೋಡಿ ಟೀಚರಮ್ಮ. ಈ ಕೈ ಇಂಜಿನ್, ಈ ಕೈ ಗೇರು. ಒತ್ತಿ ಹಿಡ್ಕಂಡಿದ್ರೆ ಎರಡೂ ಒಟ್ಟಿಗೆ ತಿರುಗ್ತವೆ. ಅದನ್ನ ಒತ್ತಿ ಹಿಡ್ಯೋದೇ ಕ್ಲಚ್ಚು. ಈಗ ಇಂಜಿನ್ ಕೈ ಜೋರಾಗೈತೆ, ಕ್ಲಚ್ ಪ್ಲೇಟು ಹಿಡೀಲಾರ್ದೆ ಜಾರೈತೆ. ಟ್ಯೂನಿಂಗ್ ಮಾಡಿಸಿದ ದಿನಾನೇ ಇದನ್ನೂ ಬದಲಾಯಿಸ್ಬೇಕಿತ್ತು."

"ಏನು ಮಾಡಿಸಿದ ದಿನ?" ಎಂದು ದಾನೇಶ್ವರಿ ಕೇಳಿದಳು.

ರೇವಣಸಿದ್ದಯ್ಯ ಮಹಾಂತೇಶನ ಮುಖ ನೋಡಿದ. ಮಹಾಂತೇಶ ಗೋಡೆಯ ಮೇಲಿದ್ದ ಟೈರಿನ ಕ್ಯಾಲೆಂಡರ್ ನೋಡಿದ. (ಅದು ಎರಡು ವರ್ಷ ಹಳೆಯದು.) ನಂತರ ಎಲ್ಲವೂ ಹೊರಗೆ ಬಂತು.

ದಾನೇಶ್ವರಿ ಕೂಗಾಡುವ ಹೆಂಗಸಲ್ಲ. ಮನೆಗೆ ಬಂದು, ಕಾಫಿ ಲೋಟ ಮುಂದಿಟ್ಟು, ಎದುರಿಗೆ ಕೂತಳು.

"ನಾಲೆ ಪಕ್ಕದಲ್ಲಿ ಹಿಂದಕ್ಕೆ ಹೋಗ್ತಾ ಇದ್ದಾಗ, ನಾನೇ ಏನೋ ತಪ್ಪು ಮಾಡಿದೆ ಅನ್ಕೊಂಡೆ ಕಣ್ರೀ. ಮೂರು ಜನರನ್ನ ಕೂರಿಸ್ಕೊಂಡಿದ್ದೆ. ಆ ಗಾಡಿಗೆ ಏನಾಗಿದೆ ಅಂತ ನಿಮಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಓಡಿಸೋಳು ನಾನು, ನನಗೆ ಗೊತ್ತಿರ್ಲಿಲ್ಲ."

ಗುರುಶಾಂತಮ್ಮ ಎದ್ದು ದೇವರ ಮನೆಗೆ ಹೋದರು. ಮಹಾಂತೇಶನಿಗೆ ಹೋಗಲು ಬೇರೆ ಮನೆ ಇರಲಿಲ್ಲ.

"ತಪ್ಪಾಯ್ತು ಕಣೇ. ಒಳ್ಳೇ ಕ್ಲಚ್ ಹಾಕಿಸ್ತೀನಿ."

"ಹಾಕ್ಸಿ. ಯಾವುದು ಹಾಕ್ಸಿದ್ರೂ ನಾನು ದಿನಾ ಓಡಿಸೋ ಹಾಗಿರ್ಬೇಕು."

ಮರುದಿನ ಅವನು ಒಬ್ಬನೇ ಗ್ಯಾರೇಜಿಗೆ ಹೋದ. ರೇವಣಸಿದ್ದಯ್ಯ ಮೂರು ದಾರಿ ಹೇಳಿದ. ಕಂಪನಿಯ ಮಾಮೂಲಿ ಕ್ಲಚ್ ಹಾಕಿ, ಟ್ಯೂನಿಂಗ್ ತೆಗೆಸಿಬಿಡುವುದು ಒಂದು. ಟ್ಯೂನಿಂಗ್ ಇಟ್ಟುಕೊಂಡು, ಸ್ವಲ್ಪ ಗಟ್ಟಿ ಸ್ಪ್ರಿಂಗಿನ ಕ್ಲಚ್ ಹಾಕುವುದು ಇನ್ನೊಂದು. ಪೆಡಲು ತುಸು ಬಿರುಸಾಗುತ್ತದೆ, ಅಭ್ಯಾಸವಾಗುತ್ತದೆ. ಮೂರನೆಯದು ರೇಸಿನವರು ಹಾಕುವ ಲೋಹದ ಬಿಲ್ಲೆಯ ಕ್ಲಚ್ಚು.

"ಅದು ಜಾರೋ ಮಾತೇ ಇಲ್ಲ. ಆದ್ರೆ ನಿಧಾನ ಅನ್ನೋದು ಅದ್ರ ಜಾತೀಲೇ ಇಲ್ಲ. ಹಿಡಿದ್ರೆ ಹಿಡೀತು, ಬುಟ್ರೆ ಬುಡ್ತು. ಪೆಡಲ್ ತುಳಿಯೋಕೆ ಕಾಲು ಬೇಕು. ನನ್ನ ಕೇಳಿದ್ರೆ ನಡುವಿಂದು ಹಾಕ್ಸಿ. ದಿನಾ ಗಾಡಿ ಓಡ್ಸೋರು ಯಾರು?"

ಮಹಾಂತೇಶನ ಬಾಯಿಂದ "ನಾನೇ" ಎಂಬ ಮಾತು ತಾನೇ ತಾನಾಗಿ ಹೊರಟಿತು.

ಅಂಗಡಿಯಲ್ಲಿ ಕೂತು ಅವನು ಎರಡು ದಿನ ಮೊಬೈಲಿನಲ್ಲಿ ಕ್ಲಚ್ಚಿನ ವೀಡಿಯೊ ನೋಡಿದ. ನಡುವಿನದು ಅವನಿಗೆ ಹಿಡಿಸಲಿಲ್ಲ. ಜೀವನದಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ನಡುವಿನದೇ: ನಡುವಿನ ಮಾರ್ಕು, ನಡುವಿನ ಎತ್ತರ, ಅಣ್ಣತಮ್ಮಂದಿರಲ್ಲಿ ನಡುವಿನವನು. ಜಾರುವ ಮಾತೇ ಇಲ್ಲ ಎಂಬ ಭರವಸೆ ಸುರಕ್ಷತೆಯ ದೃಷ್ಟಿಯಿಂದ ಹೆಂಡತಿಗೇ ಒಳ್ಳೆಯದಲ್ಲವೇ ಎಂದು ತನ್ನಷ್ಟಕ್ಕೆ ವಾದ ಹೂಡಿ, ತಾನೇ ತೀರ್ಪು ಕೊಟ್ಟುಕೊಂಡ. ಪೆಡಲು ಬಿರುಸಾದರೆ ಅವಳು ಬಸ್ಸಿಗೆ ಹೋಗಬಹುದು, ಆಗ ಕಾರು ವಾರಪೂರ್ತಿ ತನ್ನದಾಗಬಹುದು ಎಂಬ ಇನ್ನೊಂದು ಯೋಚನೆಯೂ ಬಂದಿತ್ತು. ಅದನ್ನು ಅವನು ಓಡಿಸಿದ. ಬಹಳ ದೂರ ಓಡಿಸಲಿಲ್ಲ. ಬೆಂಗಳೂರಿನಿಂದ ಲೋಹದ ಬಿಲ್ಲೆಯ ಕ್ಲಚ್ಚು ಪಾರ್ಸೆಲಿನಲ್ಲಿ ಬಂತು.

ರೇವಣಸಿದ್ದಯ್ಯ ಅದನ್ನು ಕೈಯಲ್ಲಿ ತೂಗಿ ನೋಡಿ ಜೋಡಿಸಿದ. ಕೊನೆಗೆ, "ಮಾಂತೇಶಪ್ಪ, ಬಸ್ಟ್ಯಾಂಡ್ ಕಡೆ ಹೋಗ್ಬೇಡಿ, ಸುತ್ತಿ ಹೋಗಿ" ಎಂದಷ್ಟೇ ಹೇಳಿದ.

ಗ್ಯಾರೇಜಿನಿಂದ ರಸ್ತೆಗೆ ಬರುವಷ್ಟರಲ್ಲಿ ಕಾರು ನಾಲ್ಕು ಸಲ ಜಿಗಿದು ನಿಂತಿತು. ಪೆಡಲು ಗೋಡೆಯನ್ನು ಒದ್ದ ಹಾಗೆ. ಒತ್ತಿದ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಕಾರು ಮುಂದಕ್ಕೆ ಹಾರುತ್ತಿತ್ತು, ಇಲ್ಲವೇ ಇಂಜಿನ್ನು ಆರುತ್ತಿತ್ತು. ಮನೆ ತಲುಪಿದಾಗ ಮಹಾಂತೇಶನ ಅಂಗಿ ನೆನೆದಿತ್ತು, ಎಡ ಮಂಡಿ ಪ್ರತ್ಯೇಕವಾಗಿ ನಡುಗುತ್ತಿತ್ತು.

"ಹೇಗಿದೆ?" ಎಂದಳು ದಾನೇಶ್ವರಿ.

"ಸ್ವಲ್ಪ ಗಟ್ಟಿ ಇದೆ. ಹೊಸದಲ್ವಾ."

ಮರುದಿನ ಅವಳು ಕಾರು ಹೊರತೆಗೆಯುವಾಗ ಅವನು ಕಿಟಕಿಯಲ್ಲಿ ನಿಂತಿದ್ದ. ಒಂದು ಸಲ ಜಿಗಿಯಿತು. ಇನ್ನೊಂದು ಸಲ ಜಿಗಿಯಿತು. ಅವಳು ಕೆಳಗಿಳಿದು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಮತ್ತೆ ಕೂತು ಹೊರಟುಹೋದಳು. ಸಂಜೆ ಬಂದು ಏನೂ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಅವಳು ಸಹಿಸಿಕೊಂಡಿದ್ದಾಳೆ, ಇನ್ನೇನು ಸೋಲುತ್ತಾಳೆ ಎಂದುಕೊಂಡ ಮಹಾಂತೇಶ. ಅಷ್ಟರಲ್ಲಿ ಅವನ ಮಂಡಿ ಎರಡೇ ಭಾನುವಾರಕ್ಕೆ ಬಾತುಕೊಂಡಿತ್ತು. ಮೋಟಾರು ಎತ್ತುವಾಗ ಉಳುಕಿತು ಎಂದು ಮನೆಯಲ್ಲಿ ಹೇಳಿ, ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದ.

ಮೂರನೆಯ ವಾರ ತುರುವೇಕೆರೆಯಲ್ಲಿ ಹತ್ತಿರದ ಬಂಧುಗಳ ಮನೆಯ ನಿಶ್ಚಿತಾರ್ಥ. ಶಾಲೆಗೆ ರಜೆ. ಮಹಾಂತೇಶ ಕಾರಿನ ಕೀಲಿ ತೆಗೆದುಕೊಂಡ. ಗುರುಶಾಂತಮ್ಮ ರೇಷ್ಮೆ ಸೀರೆಯಲ್ಲಿ ಮುಂದೆ ಕೂತರು, ದಾನೇಶ್ವರಿ ಹಣ್ಣಿನ ಬುಟ್ಟಿಯೊಂದಿಗೆ ಹಿಂದೆ. ಅವತ್ತು ಕೊಬ್ಬರಿ ಹರಾಜಿನ ದಿನ ಎಂಬುದು ಅವನಿಗೆ ನೆನಪಾದದ್ದು ಮಾರ್ಕೆಟ್ಟಿನ ಏರಿಗೆ ತಿರುಗಿದ ಮೇಲೆ. ಮುಂದೆ ಕೊಬ್ಬರಿ ಚೀಲದ ಲಾರಿಗಳ ಸಾಲು ಆಮೆಯಂತೆ ತೆವಳುತ್ತಿತ್ತು. ಹಿಂದೆ ಗೂಡ್ಸ್ ಆಟೋಗಳು. ತಿರುಗಿಸಲು ಜಾಗವಿರಲಿಲ್ಲ.

ಲಾರಿ ಒಂದು ಮಾರು ಮುಂದೆ ಹೋಯಿತು. ಮಹಾಂತೇಶ ಕಾಲು ಸಡಿಲಿಸಿದ. ಕಾರು ಜಿಗಿದು ಆರಿತು. ಗುರುಶಾಂತಮ್ಮನ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಆರಿತು. ಐದನೆಯ ಸಲ ಕಾರು ಹಿಂದಕ್ಕೆ ಜಾರಿ, ಹಿಂದಿನ ಆಟೋಗೆ ಒಂದು ಗೇಣು ಬಿಟ್ಟು ನಿಂತಿತು. ಆಟೋದವನು ಇಳಿದು ಬಂದು, ಆ ಒಂದು ಗೇಣನ್ನು ಅಳೆದು ನೋಡಿ ಹೋದ. ಹಮಾಲಿಯೊಬ್ಬ ಕಿಟಕಿಗೆ ಬಗ್ಗಿ, "ಯಜಮಾನ್ರೇ, ತಳ್ಬೇಕಾ?" ಎಂದು ವಿನಯದಿಂದ ಕೇಳಿದ.

"ಬೇಡಪ್ಪ. ಗಾಡಿ ಚೆನ್ನಾಗೈತೆ" ಎಂದ ಮಹಾಂತೇಶ.

ಹನ್ನೊಂದನೆಯ ಸಲಕ್ಕೆ ಅವನ ಎಡಗಾಲು ಪೆಡಲಿನ ಮೇಲೆ ನಿಲ್ಲದೆ ಹೊಲಿಗೆ ಮಿಷನ್ನಿನ ಹಾಗೆ ಕುಟ್ಟತೊಡಗಿತು. ಅವನು ಹ್ಯಾಂಡ್‌ಬ್ರೇಕ್ ಎಳೆದು ಸುಮ್ಮನೆ ಕೂತ. ಪರಿಚಯದ ವರ್ತಕರು ಕೊಬ್ಬರಿ ಮಂಡಿಗಳ ಮುಂದೆ ನಿಂತು ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅವನಿಂದ ಮೋಟಾರು ಕೊಂಡವರು.

ಹಿಂದಿನ ಬಾಗಿಲು ತೆರೆಯಿತು. ದಾನೇಶ್ವರಿ ಬಂದು ಅವನ ಬಾಗಿಲ ಬಳಿ ನಿಂತಳು.

"ಇಳೀರಿ."

ಅವನು ಇಳಿದು ಕುಂಟುತ್ತ ಹಿಂದಿನ ಸೀಟಿಗೆ ಹೋಗಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಕೂತಳು. ಲಾರಿ ಕದಲಿತು. ಕಾರೂ ಕದಲಿತು. ಲಾರಿ ನಿಂತಿತು, ಕಾರೂ ನಿಂತಿತು. ಗುರುಶಾಂತಮ್ಮನ ತಲೆ ಅಲುಗಲಿಲ್ಲ. ಏರು ಮುಗಿದು ತುರುವೇಕೆರೆ ರಸ್ತೆ ಸಿಕ್ಕಿತು.

"ನಿನಗೆ ಹೆಂಗೆ ಬಂತೇ ಇದು?" ಎಂದು ಅವನು ಕೊನೆಗೂ ಕೇಳಿದ.

"ಮದುವೆಗೆ ಮುಂಚೆ ನಮ್ಮಪ್ಪನ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದೆ. ಅದರ ಕ್ಲಚ್ ಮುಂದೆ ಇದೇನು ದೊಡ್ಡದಲ್ಲ."

"ಇಷ್ಟು ವರ್ಷ ಹೇಳೇ ಇಲ್ವಲ್ಲ."

"ಹೆಣ್ಣು ನೋಡೋಕೆ ಬಂದಾಗ ಹಾಡು ಬರುತ್ತಾ ಅಂತ ಕೇಳಿದ್ರಿ. ಟ್ರ್ಯಾಕ್ಟರ್ ಬರುತ್ತಾ ಅಂತ ನಿಮ್ಮ ಕಡೆಯೋರು ಯಾರೂ ಕೇಳ್ಲಿಲ್ಲ."

ಗುರುಶಾಂತಮ್ಮ ತಿರುಗಿ ಮಗನನ್ನು ನೋಡಿದರು. "ಹಾಡೂ ಏನ್ ಅಷ್ಟ್ ಚೆನ್ನಾಗ್ ಹೇಳ್ಲಿಲ್ಲ ಕಣಪ್ಪ ಅವತ್ತು. ನಾನೇ ಒಪ್ಕಂಡಿದ್ದು" ಎಂದರು.

ಮರುದಿನ ಮಹಾಂತೇಶ ಕುಂಟುತ್ತಲೇ ರೇವಣಸಿದ್ದಯ್ಯನ ಬಳಿ ಹೋಗಿ, ಮಾನ ಮರ್ಯಾದೆಗಳನ್ನು ಬದಿಗಿಟ್ಟು, ನಡುವಿನ ಕ್ಲಚ್ಚನ್ನೇ ಹಾಕಿಬಿಡು ಎಂದ. ರೇವಣಸಿದ್ದಯ್ಯ ಕೈ ಒರೆಸಿಕೊಂಡ.

"ಬೆಳಿಗ್ಗೆ ಟೀಚರಮ್ಮ ಫೋನ್ ಮಾಡಿದ್ರು. ನಮ್ಮ ಯಜಮಾನ್ರು ಬತ್ತಾರೆ, ಗಾಡಿ ಮುಟ್ಬೇಡಿ ಅಂದವ್ರೆ."

ಮಹಾಂತೇಶ ಸಂಜೆಯವರೆಗೆ ತಡೆದುಕೊಂಡ. ಅವಳು ಶಾಲೆಯಿಂದ ಬರುತ್ತಲೇ, ಇದ್ಯಾವ ನ್ಯಾಯ ಎಂದು ಕೇಳಿದ. ಆರಿಸಿದವನು ತಾನು, ಬೇಡವೆನ್ನುವ ಹಕ್ಕೂ ತನಗಿಲ್ಲವೇ ಎಂದ.

ದಾನೇಶ್ವರಿ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕೂತಳು. "ನಾಲೆ ಹತ್ತಿರ ಜಾರಿದ ಮೇಲೆ ಆ ಏರು ಬಂದ್ರೆ ಎದೆ ಹೊಡ್ಕೋತಿತ್ತು ಕಣ್ರೀ. ಬಸ್ಸಿಗೇ ಹೋಗೋಣ ಅಂತಾನೂ ಅನ್ಕೊಂಡಿದ್ದೆ. ಈಗ ಅದೇ ಮೂರು ಜನರನ್ನ ಕೂರಿಸ್ಕೊಂಡು ನೆಟ್ಟಗೆ ಹತ್ತಿಸ್ತೀನಿ. ಶಿಲ್ಪ ಈಗ ಮಾತು ಕೂಡ ನಿಲ್ಲಿಸಲ್ಲ, ಏರು ಬಂತು ಅಂತಾನೇ ಗೊತ್ತಾಗಲ್ಲ ಅವಳಿಗೆ. ದಿನಾ ಓಡಿಸೋದು ನಾನೇ ಅಂತ ನೀವು ಗ್ಯಾರೇಜಲ್ಲಿ ಸುಳ್ಳು ಹೇಳಿ ತಂದ್ರೂ ಒಳ್ಳೇದನ್ನೇ ತಂದಿದೀರಿ. ಇರಲಿ ಬಿಡಿ."

ಕಳೆದ ಮೂರು ವರ್ಷದಲ್ಲಿ ಹೆಂಡತಿ ಅವನನ್ನು ಹೊಗಳಿದ್ದು ಇದೇ ಮೊದಲು. ಬೇಡವೆನ್ನುವ ಹಕ್ಕನ್ನು ಅವನು ಅಲ್ಲೇ ಬಿಟ್ಟುಕೊಟ್ಟ. ಮಂಡಿ ನೋಡಿದ ಡಾಕ್ಟರು ಎರಡು ತಿಂಗಳು ಯಾವ ಗಾಡಿಯ ಕ್ಲಚ್ಚನ್ನೂ ಮುಟ್ಟಬಾರದು ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಭಾನುವಾರವೂ ಕೈತಪ್ಪಿತು.

ಈಗ ಏಳು ದಿನವೂ ದಾನೇಶ್ವರಿಯೇ ಓಡಿಸುತ್ತಾಳೆ. ಕಾಲು ಚಾಚಲು ಅನುಕೂಲವಾಗಲೆಂದು ಮಹಾಂತೇಶನಿಗೆ ಮುಂದಿನ ಸೀಟು ಸಿಕ್ಕಿದೆ. ಮೊನ್ನೆ ಭಾನುವಾರ ಚಿಕ್ಕನಾಯಕನಹಳ್ಳಿಗೆ ಹೋಗುವಾಗ, ಒಂದು ತಿರುವಿನಲ್ಲಿ ಅವಳು ಗೇರ್ ಬದಲಿಸಿದಳು. ಮಹಾಂತೇಶನ ಎಡಗಾಲು ತನಗೆ ತಾನೇ ಮುಂದೆ ಹೋಗಿ, ಬರಿಯ ನೆಲವನ್ನು ಒತ್ತಿ ಹಿಡಿಯಿತು. ಇನ್ನೊಂದು ಗೇರಿಗೆ ಇನ್ನೊಮ್ಮೆ ಒತ್ತಿತು. ದಾನೇಶ್ವರಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಅಲ್ಲೇನೂ ಇಲ್ಲ ಕಣ್ರೀ" ಎಂದಳು. "ಕಾಲು ಮಡಚ್ಕೊಂಡು ಆರಾಮಾಗಿ ಕೂತ್ಕೊಳ್ಳಿ."